ವಂಶದ ಸುರುಳಿ
ಬಾಬೆಲಿನ ಸೆರೆಯಿಂದ ಯೆರೂಸಲೇಮಿಗೆ ಮರಳಿದವರಲ್ಲಿ ಅನ್ಯಜನಾಂಗದ ಹೆಣ್ಣನ್ನು ಮದುವೆಯಾದವರೆಲ್ಲ ಹೆಂಡತಿಯನ್ನು ಬಿಡಬೇಕೆಂದು ಹಿರಿಯರು ಆಜ್ಞೆ ಮಾಡಿದ್ದರು. ದೇವಾಲಯದ ಅಂಗಳದಲ್ಲಿ ಅಳುತ್ತ ನಿಂತವರ ಸಾಲಿನಲ್ಲಿ ಅಹೀಕಾಮನೊಬ್ಬನೇ ಅವಸರದಲ್ಲಿದ್ದ. ಯಾಜಕರ ಮನೆಯ ಹುಡುಗಿಯೊಬ್ಬಳೊಂದಿಗೆ ಅವನ ಮದುವೆಯ ಮಾತುಕತೆ ಆಗಲೇ ಮುಗಿದಿತ್ತು. ಹೆಂಡತಿ ನಾಮಾ ಮಗುವನ್ನೆತ್ತಿಕೊಂಡು ಅವನ ಹಿಂದೆ ನಿಂತಿದ್ದಳು. ಮಧ್ಯಾಹ್ನದವರೆಗೂ ಕಾದು ಅವನಿಗೆ ರೇಗಿಹೋಗಿತ್ತು.

"ಬೇಗ ಬರ್ಕೊಳ್ಳಿ ಸ್ವಾಮಿ. ಇವಳು ಅನ್ಯರ ಊರು ಅಷ್ಡೋದಿನವಳು. ಮಾತು ಕೇಳಿದ್ರೇ ಗೊತ್ತಾಗುತ್ತೆ."

"ಮಾತು ಕೇಳಿ ಬರೆಯೋಕಾಗಲ್ಲಪ್ಪ," ಎಂದ ಮುದಿ ಕರಣಿಕ. "ನಿನ್ನ ಮನೆತನ ಯಾವುದಮ್ಮಾ?"

"ಬೇತ್ಲೆಹೇಮಿನ ಹೆಲೇಕನ ಮನೆತನ. ಬಾಬೆಲಿನವರ ಮುತ್ತಿಗೆ ಬಿದ್ದಾಗ ನಮ್ಮ ಮುತ್ತಜ್ಜ ಅಷ್ಡೋದಿಗೆ ಓಡಿಹೋದ್ರಂತೆ."

"ಇಷ್ಟು ದಿನ ಹೇಳ್ಲೇ ಇಲ್ವಲ್ಲೇ!" ಅಹೀಕಾಮ ಗದರಿದ.

"ಮದುವೆ ದಿನವೇ ಹೇಳಿದ್ದೆ. ನೀವು ನಕ್ಕುಬಿಟ್ರಿ."

ಕರಣಿಕ ಹಳೆಯ ಸುರುಳಿಯ ಮೇಲೆ ಬೆರಳಾಡಿಸಿದ. "ಇದೆ. ಯೆಹೂದ ಕುಲ. ಇವಳನ್ನ ಬಿಡೋ ಹಾಗಿಲ್ಲ. ಈಗ ನಿನ್ನ ಮನೆತನ ಹೇಳು."

ಅಹೀಕಾಮ ಹೇಳಿದ. ಕರಣಿಕ ಎರಡು ಸಲ ಹುಡುಕಿದ. ಆಮೇಲೆ ಇನ್ನೊಂದು ಸುರುಳಿ ಬಿಚ್ಚಿದ.

"ನಿಮ್ಮಜ್ಜ ನಮ್ಮ ಜನಾಂಗದವನಲ್ಲ, ಬಾಬೆಲಿನವನೇ ಕಣಪ್ಪ. ನಮ್ಮವರು ಹೊರಟಾಗ ಒಂಟೆ ಹೊಡೆಯೋಕೆ ಜೊತೆಗೆ ಬಂದವನು ಅಂತ ಬರೆದಿದೆ."

"ಸುಳ್ಳು! ಸರಿಯಾಗಿ ನೋಡ್ರೀ!" ಅಹೀಕಾಮನ ಕೂಗಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನಾಮಾ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಮುಂದೆ ಬಂದಳು.

"ಸ್ವಾಮಿ, ಅನ್ಯಜನಾಂಗದ ಗಂಡನನ್ನ ಬಿಡೋದಕ್ಕೂ ಇಲ್ಲೇ ಬರೆಸ್ಬೇಕಾ?"