ಬೀಳದ ಒಂದು ಓಟು

ಗ್ಲೆನಿಸ್ ಹಾವರ್ತ್ ಬಿಸ್ಕತ್ತಿನ ಡಬ್ಬಿಯೊಳಗೆ ಕೈ ಇಳಿಸಿದಾಗ ಓಟು ಎಣಿಕೆಯ ಮೇಜುಗಳ ಸುತ್ತ ಇದ್ದವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಮೂರು ಸಲ ಎಣಿಸಿದರೂ ವಾರ್ಡಿನ ಇಬ್ಬರು ಅಭ್ಯರ್ಥಿಗಳಿಗೂ ಎಂಟುನೂರ ಹನ್ನೆರಡೇ ಓಟು. ಊರಿನ ಕೌನ್ಸಿಲ್ಲಿನ ಮುಖ್ಯಾಧಿಕಾರಿಯಾದ ಅವಳೇ ಚುನಾವಣಾಧಿಕಾರಿ. ಸಮ ಬಂದರೆ ಚೀಟಿ ಎತ್ತಿ ತೀರ್ಮಾನಿಸುವುದು ಅವಳ ಕೆಲಸ.

ಡಬ್ಬಿಯಲ್ಲಿದ್ದದ್ದು ಆ ಇಬ್ಬರ ಹೆಸರಿನ ಎರಡು ಚೀಟಿ. ನಾರ್ಮನ್ ಗೆದ್ದರೆ ಬೀಚ್ ಸ್ಟ್ರೀಟಿನ ವೃದ್ಧರ ಹಗಲು ಕೇಂದ್ರ ಉಳಿಯುತ್ತದೆ. ಫಿಯೋನಾ ಗೆದ್ದರೆ ಅವಳ ಪಕ್ಷಕ್ಕೆ ಬಹುಮತ ಬಂದು ಕೇಂದ್ರ ಮುಚ್ಚುತ್ತದೆ. ಇಪ್ಪತ್ತು ವರ್ಷದ ಹಿಂದೆ ಹಟ ಹಿಡಿದು ಆ ಕೇಂದ್ರ ತೆರೆಸಿದವಳು ಗ್ಲೆನಿಸ್. ಅವಳ ಮುಖ ನೋಡಿ ಅದನ್ನು ಯಾರೂ ಹೇಳುವಂತಿರಲಿಲ್ಲ.

"ಬೇಗ ಎತ್ತಿ ಗ್ಲೆನಿಸ್. ಇಲ್ಲೇ ನನ್ನೆದೆ ನಿಂತೋದ್ರೆ ಉಪಚುನಾವಣೇನೂ ನೀವೇ ಮಾಡ್ಬೇಕಾಗತ್ತೆ," ಎಂದ ನಾರ್ಮನ್. ಯಾರೋ ನಕ್ಕರು. ಅವಳು ಚೀಟಿ ಬಿಡಿಸಿ, "ಫಿಯೋನಾ ಕ್ರಾಸ್ಬಿ," ಎಂದು ಓದಿದಳು. ದನಿ ಕದಲಲಿಲ್ಲ.

ಚಪ್ಪಾಳೆಯ ನಡುವೆ ನಾರ್ಮನ್ ಬಂದು ಅವಳ ಕೈ ಕುಲುಕಿದ. "ನಿಮ್ದೇನೂ ತಪ್ಪಿಲ್ಲ ಬಿಡಿ. ನಮ್ಮ ಕಡೆಯೋರು ಯಾರೋ ಒಬ್ರು ನಿನ್ನೆ ಮನೇಲೇ ಕೂತ್ಬಿಟ್ರು, ಅಷ್ಟೇ. ಒಂದೇ ಒಂದು ಓಟು!" ಗ್ಲೆನಿಸಳ ಮನೆಯೂ ಅದೇ ವಾರ್ಡಿನಲ್ಲಿತ್ತು. ಅಧಿಕಾರಿಯಾದವಳು ಯಾರ ಕಡೆಯೂ ಇರಬಾರದೆಂದು ಅವಳು ಮೂವತ್ತೊಂದು ವರ್ಷದಿಂದ ಓಟು ಹಾಕಿರಲಿಲ್ಲ. ಕಾನೂನೇನೂ ಬೇಡವೆಂದಿರಲಿಲ್ಲ, ಅದು ಅವಳೇ ಹಾಕಿಕೊಂಡ ನೇಮ. ಅಂಚೆಯಲ್ಲಿ ಬಂದ ಮತದಾರರ ಕಾರ್ಡು ಮಡಿಸಿದ ಹಾಗೆಯೇ ಅವಳ ಕೈಚೀಲದಲ್ಲಿತ್ತು. ನಾರ್ಮನ್ ಕೈ ಹಿಂದಕ್ಕೆ ತೆಗೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.