ಎಂಟು–ಹತ್ತರಲ್ಲಿ ಒಬ್ಬರು

“ಇದರಿಂದ ನಮ್ಮ ಅಳಿಯನನ್ನು ತೆಗೆದು ಕೊಡಬೇಕು, ಪುರಂದರಣ್ಣ.”

ಬಂದ್ಯೋಡಿನಿಂದ ಬಸ್ಸು ಹಿಡಿದು ಬಂದ ಅಕ್ಕು, ಹೊಸಂಗಡಿಯಲ್ಲಿ ಪುರಂದರನ ಫೋಟೋ ಸ್ಟುಡಿಯೋದ ಮೇಜಿನ ಮೇಲೆ ಮೊಬೈಲ್ ಇಟ್ಟಳು. ಅದರಲ್ಲೊಂದು ಪಟ: ಕಡಲ ಬದಿಯಲ್ಲಿ ಮಗಳು ಮೋಕ್ಷಿತಾ, ಪಕ್ಕದಲ್ಲಿ ಅವಳ ಗಂಡ ವಿಜೇತ್. ಅವನ ಕೈ ಅವಳ ಹೆಗಲ ಮೇಲೆ. ಇಬ್ಬರಿಗೂ ನಗು ತಡೆಯುತ್ತಿರಲಿಲ್ಲ.

ಪುರಂದರನಿಗೆ ಥಟ್ಟನೆ ಅರ್ಥವಾಯಿತು. ಆಗದೆ ಏನು? ಅವನ ತಂಗಿ ವಸುಮತಿಯನ್ನೂ ಒಬ್ಬ ಪುಣ್ಯಾತ್ಮ ಹೀಗೆಯೇ ನಗಿಸಿ, ಆಮೇಲೆ ನಡುನೀರಿನಲ್ಲಿ ಕೈಬಿಟ್ಟು ಹೋಗಿದ್ದ. ಅವನ ಪಟ ಇನ್ನೂ ಅವಳ ಕೋಣೆಯಲ್ಲಿದೆ. ಅದನ್ನು ನೋಡುತ್ತಲೇ ಅವಳ ಪ್ರಾಯ ಕಳೆದುಹೋಯಿತು. ಎಷ್ಟು ಹೇಳಿದರೂ ಗೋಡೆಯಿಂದ ಇಳಿಸಲಿಲ್ಲ. ಅಣ್ಣನ ಹೊಟ್ಟೆಯೊಳಗಿನ ಕೆಂಡ ಅದು.

“ಎಂಟು–ಹತ್ತು ಇಂಚಿನ ನಿಲುವು ಫ್ರೇಮು ತೆಗೆದುಕೊಂಡಾಗಿದೆ,” ಎಂದಳು ಅಕ್ಕು. “ನಾಳೆ ಜನ ಸೇರುವುದುಂಟು. ಇವತ್ತೇ ಆಗಬೇಕು.”

ಹೊಸ ಸಂಬಂಧ ಬಂದಿರಬೇಕು! ಪುರಂದರನ ಮನಸ್ಸು ಅರಳಿತು. ವಸುಮತಿಗೆ ಆಗದ್ದು ಈ ಹುಡುಗಿಗಾದರೂ ಆಗಲಿ.

“ನಿಮ್ಮ ಪಟ ಅಡ್ಡಕ್ಕೆ ಉದ್ದ ಉಂಟು ಅಕ್ಕ, ಹದಿನಾರಕ್ಕೆ ಒಂಬತ್ತರ ಲೆಕ್ಕ. ಎಂಟು–ಹತ್ತರ ಕಾಗದ ಗಿಡ್ಡ. ಇಬ್ಬರೂ ಬೇಕಾದರೆ ಮೇಲೆ ಕೆಳಗೆ ಬಿಳಿ ಬಿಡಬೇಕು. ಕಾಗದ ತುಂಬ ಬರಬೇಕಾದರೆ ಬದಿ ಕತ್ತರಿಸಿ ಹೋಗ್ತದೆ. ನಿಲುವಿನಲ್ಲಿ ಒಬ್ಬರಿಗೇ ಜಾಗ.”

“ಒಬ್ಬರೇ ಸಾಕು.” ಅಕ್ಕು ಸೆರಗನ್ನು ಬಾಯಿಗೊತ್ತಿಕೊಂಡಳು. “ಇಬ್ಬರೂ ಒಟ್ಟಿಗಿರುವ ಯೋಗ ಇಲ್ಲ.”

“ಹೆಗಲ ಮೇಲೆ ಕೈ ಉಂಟಲ್ಲ?”

“ಅದನ್ನೇ ನೋಡಿ ನೋಡಿ ಅವಳು ಅಳುವುದು.”

“ಹೋದವನ ಹಿಂದೆ ಹೋಗಲಿಕ್ಕೆ ಆಗ್ತದಾ ಅಕ್ಕ?”

“ನಾನೂ ಅದೇ ಹೇಳುವುದು. ಕೇಳುವುದೇ ಇಲ್ಲ. ಊಟವನ್ನೂ ಬಿಟ್ಟಿದ್ದಾಳೆ ಮಾರಾಯ್ರೇ.”

ಪುರಂದರ ತಡಮಾಡಲಿಲ್ಲ. ಅಕ್ಕುವನ್ನು ಹೊರಗೆ ಕೂರಿಸಿ, ಚಹಾ ತರಿಸಿಕೊಟ್ಟು, ಕಂಪ್ಯೂಟರಿನ ಮುಂದೆ ಕುಳಿತ. ಅಂಚು ಎಳೆದ, ವಿಜೇತ್ ಅರ್ಧ ಮಾಯವಾದ. ಇನ್ನೂ ಎಳೆದ, ಪೂರಾ ಹೋದ. ಬೆರಳುಗಳು ಮಾತ್ರ ಹೆಗಲು ಬಿಡಲಿಲ್ಲ. ಎಂಥ ಹಟಮಾರಿ ಕೈಯಪ್ಪ! ಸೀರೆಯ ಬಣ್ಣವನ್ನೇ ತಂದು ಒಂದೊಂದು ಬೆರಳಿನ ಮೇಲೂ ಹಚ್ಚಿದ. ಹಿಂದಿನ ಕಡಲನ್ನು ಅಳಿಸಿ ತಿಳಿನೀಲಿ ತುಂಬಿದ. ಕೆಲಸ ಮಾಡುತ್ತಾ ಮಾಡುತ್ತಾ ಅವನ ಕಣ್ಣೂ ಒದ್ದೆಯಾಯಿತು. ತಂಗಿಗೆ ಮಾಡಲಾಗದ ಉಪಕಾರವನ್ನು ಯಾರದೋ ಮಗಳಿಗೆ ಮಾಡುತ್ತಿದ್ದೇನೆ ಎಂಬ ಸಮಾಧಾನ ಅವನಿಗೆ.

ಪ್ರಿಂಟು ಬಂತು. ಕಾಗದದ ತುಂಬ ಮೋಕ್ಷಿತಾ ಒಬ್ಬಳೇ. ಪುರಂದರ ಅದನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ತಂದ.

“ನೋಡಿ ಅಕ್ಕ, ಆ ಹಾಳಾದವನ ಒಂದು ಬೆರಳೂ ಇಲ್ಲ. ಸುರುವಿನಿಂದಲೇ ಒಬ್ಬಳೇ ಇದ್ದ ಹಾಗೆ ಉಂಟಲ್ಲ?”

ಅಕ್ಕು ಪಟ ನೋಡಿದಳು. ಅವನ ಮುಖ ನೋಡಿದಳು. ಕೈಯಲ್ಲಿದ್ದ ಚಹಾ ಮಡಿಲಿಗೆ ಚೆಲ್ಲಿದ್ದೂ ಅವಳಿಗೆ ತಿಳಿಯಲಿಲ್ಲ.

“ಅಯ್ಯೋ ದೇವರೇ! ನಾಳೆ ಉತ್ತರಕ್ರಿಯೆ ಅಳಿಯನದ್ದು, ಪುರಂದರಣ್ಣ... ಹಾರ ಹಾಕಲಿಕ್ಕೆ ನನ್ನ ಮಗಳನ್ನು ಯಾಕೆ ತೆಗೆದು ಕೊಟ್ಟಿರಿ?”