ದಪ್ಪ ಕಾಗದ

ಕಣ್ಣು ಕಾಣದ ಮಕ್ಕಳಿಗೆ ಪುಕ್ಕಟೆಯಾಗಿ ಬ್ರೈಲ್ ಪುಸ್ತಕ ಬರೆದುಕೊಡುವ ಪಂಕಜಮ್ಮ, ಅಂಥ ಒಬ್ಬ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಜವಳಿ ಸಾಹುಕಾರರ ಮುಂದೆ ಸೆರಗೊಡ್ಡಿದರು.

“ಬರೆಯೋಕೆ ನಾವಿದ್ದೀವಿ ಸ್ವಾಮಿ, ದಪ್ಪ ಕಾಗದಕ್ಕೆ ಗತಿಯಿಲ್ಲ. ಹಳೇ ಕ್ಯಾಲೆಂಡರ್ ಬೇಡಿ ತಂದು ಅದರ ಮೇಲೇ ಚುಕ್ಕಿ ಚುಚ್ತೀವಿ. ಈ ಮಗೂಗೆ ಮಾರ್ಚಿಗೆ ಪರೀಕ್ಷೆ, ಅರ್ಧ ಪುಸ್ತಕ ಇನ್ನೂ ಬಾಕಿ.”

“ಕಾಗದ ತಾನೆ? ನನಗೆ ಬಿಡಿ. ಎಲ್ಲಿ ಪುಟ್ಟಿ, ಸ್ವಲ್ಪ ನಗು,” ಎಂದು ಸಾಹುಕಾರರು ಹುಡುಗಿಯ ಫೋಟೊ ತೆಗೆಸಿದರು.

ಹೊಸ ವರ್ಷದ ಹಿಂದಿನ ದಿನ ಅಂಗಡಿಯಿಂದ ಕರೆ ಬಂತು. ಪಂಕಜಮ್ಮ ಆಟೊ ಹಿಡಿದು ಓಡಿದರು. ಅಲ್ಲಿ ಹೊಸ ಕ್ಯಾಲೆಂಡರುಗಳ ರಾಶಿ. ಪ್ರತಿಯೊಂದರಲ್ಲೂ ಅದೇ ಹುಡುಗಿಯ ನಗು, ಕೆಳಗೆ ಅಂಗಡಿಯ ಹೆಸರು.

“ಕಾಗದ ಎಲ್ಲಿ ಸ್ವಾಮಿ?”

“ಇದೇ ಅಲ್ವೇನಮ್ಮ! ಮುಟ್ಟಿ ನೋಡಿ, ಎಂಥ ದಪ್ಪ! ವರ್ಷ ಕಳೀಲಿ, ಅಷ್ಟೂ ನಿಮಗೇ.”